ಬ್ರೆಡ್ಡಿನ ನಾಲ್ಕು ಪುಡಾ

೧೯೬೬ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ಇಯತ್ತೆ. ದೀಪಾವಳಿ ಸೂಟಿ ಮುಗಿದು ಓಣಿಯ ಹುಡುಗರೆಲ್ಲ ಪಾಟಿಚೀಲ ಹೆಗಲಿಗೇರಿಸಿ ಹೊರಟಾಗ ನಾನು ಹೊರಡಲಿಲ್ಲ, ಅಷ್ಟೇ. ಅಪ್ಪನ ಸೊಂಟ ಹಿಡಿದುಕೊಂಡಿತ್ತು. ಮಗ್ಗದ ಕುಣಿಯಿಂದ ಅವನನ್ನು ಎತ್ತಿ ಹೊರಗೆ ಕೂಡಿಸಲು ಇಬ್ಬರು ಬೇಕಾಗುತ್ತಿತ್ತು. ಖಾಲಿಯಾದ ಕುಣಿಗೆ ನಾನು ಇಳಿದೆ. ಮಾಸ್ತರರು ಮನೆತನಕ ಬಂದು, "ಹುಡುಗ ಲೆಕ್ಕದಾಗ ಭಾಳ ಹುಷಾರ ಅದಾನ, ಬಿಡಿಸಬ್ಯಾಡ್ರಿ" ಎಂದು ಅಪ್ಪನ ಮುಂದೆ ಕೂತರು. ನಾನು ಕುಣಿಯೊಳಗಿಂದಲೇ, "ಲೆಕ್ಕ ಇಲ್ಲೂ ಐತ್ರಿ ಮಾಸ್ತರ" ಎಂದೆ. ಆ ಮಾತಿಗೆ ಈಗಲೂ ನನಗೆ ಒಳಗೊಳಗೆ ಹೆಮ್ಮೆ. ಸೀರೆಯ ದಡಿಗೆ ಎಷ್ಟು ಎಳೆ, ಸೆರಗಿಗೆ ಎಷ್ಟು ಎಳೆ ಎಂದು ಎಣಿಸುತ್ತ ಬೆಳೆದವನಿಗೆ ಶಾಲೆಯ ಲೆಕ್ಕ ತಪ್ಪಿದ್ದರಿಂದ ಏನೂ ಕಡಿಮೆಯಾಗಲಿಲ್ಲ. ಕಡಿಮೆಯಾದದ್ದು ಇಂಗ್ಲಿಷು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಇಂಗ್ಲಿಷ್ ಮಾತನಾಡುವ ಪ್ರಸಂಗವೊಂದು ಬರುತ್ತದೆ. ನೀವು ಅದಕ್ಕೆ ಗಟ್ಟಿಯಾಗಿರಬೇಕು.

ಇದೆಲ್ಲ ನೆನಪಾದದ್ದು ಬ್ರೆಡ್ಡಿನಿಂದ. ಮೊನ್ನೆ ನನ್ನ ಮಗಳಿಗೆ ಜ್ವರ ಬಂದಿತ್ತು. ಪೇಟೆಯಿಂದ ಒಂದು ಪುಡಾ ಬ್ರೆಡ್ಡು ತಂದೆ. ಬಾಗಿಲಲ್ಲಿ ಕೂತಿದ್ದ ಅವ್ವ ಅದನ್ನು ನೋಡಿ, ಹಲ್ಲಿಲ್ಲದ ಬಾಯಿಗೆ ಸೆರಗು ಒತ್ತಿಕೊಂಡು, "ಒಂದ ಪುಡಾನ? ನಾಲ್ಕ ತರಬೇಕಿಲ್ಲೋ" ಎಂದಳು. ಒಳಗಿನಿಂದ ನನ್ನ ಹೆಂಡತಿ ನಕ್ಕಳು. ಜ್ವರದ ಮಗಳೂ ನಕ್ಕಳು. ಅವಳು ಹುಟ್ಟುವ ಮೊದಲಿನ ಸಂಗತಿ ಅದು, ಆದರೂ ಅವಳಿಗೆ ಗೊತ್ತು. ನನ್ನ ಮಾನ ಹೋಗುವ ಕಥೆಗಳನ್ನು ನಮ್ಮ ಮನೆಯಲ್ಲಿ ಮಕ್ಕಳಿಗೆ ಬೇಗ ಕಲಿಸುತ್ತಾರೆ.

ನಿಮ್ಮ ಕಡೆ ಹೇಗೋ ಗೊತ್ತಿಲ್ಲ, ನಮ್ಮ ಇಳಕಲ್ಲಿನಲ್ಲಿ ಆ ಕಾಲಕ್ಕೆ ಬ್ರೆಡ್ಡು ಎಂದರೆ ಜ್ವರ. ಆರಾಮ ಇದ್ದವರು ರೊಟ್ಟಿ ತಿನ್ನುತ್ತಿದ್ದರು, ಆರಾಮ ಇಲ್ಲದವರು ಬ್ರೆಡ್ಡು. ದವಾಖಾನೆಯ ಬಾಗಿಲಲ್ಲೊಂದು ಅಂಗಡಿ. ಡಾಕ್ಟರು ಗುಳಿಗೆ ಬರೆದುಕೊಟ್ಟರೆ ಅಂಗಡಿಯವನು ಕೇಳದೆಯೇ ಬ್ರೆಡ್ಡು ಕಟ್ಟುತ್ತಿದ್ದ. ಸಣ್ಣವನಿದ್ದಾಗ ನನಗೆ ಜ್ವರ ಬರುವುದು ಹಬ್ಬ ಬಂದಂತೆ. ಚಹಾದಲ್ಲಿ ಅದ್ದಿದ ಆ ಬಿಳಿ ತುಂಡು ಬಾಯಿಗೆ ಹೋಗುವ ಮೊದಲೇ ಅರ್ಧ ಕರಗಿ ಬಟ್ಟಲಿಗೆ ಬೀಳುತ್ತಿತ್ತು. ಅದನ್ನು ಬೆರಳಿಂದ ಹಿಡಿದು ತಿನ್ನುವುದೇ ಒಂದು ಆಟ. ತಂಗಿ ಗಿರಿಜಾ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಒಮ್ಮೆ ಕಂಕುಳಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡು ಮಲಗಿದಳು, ಮೈ ಬಿಸಿಯಾಗುತ್ತದೆಂದು ಯಾರೋ ಹೇಳಿದ್ದರಂತೆ. ಮೈ ಬಿಸಿಯಾಗಲಿಲ್ಲ, ನಾರಿತು. ಅವ್ವ ಆ ಉಳ್ಳಾಗಡ್ಡಿಯನ್ನೇ ಜಜ್ಜಿ ರೊಟ್ಟಿಯ ಜತೆ ಅವಳಿಗೆ ತಿನ್ನಿಸಿದಳು.

ಇಷ್ಟು ಗೊತ್ತಿದ್ದೂ ನಾನು ೧೯೭೭ರಲ್ಲಿ ಬಾಗಲಕೋಟೆಯಿಂದ ನಾಲ್ಕು ಪುಡಾ ಬ್ರೆಡ್ಡು ತಂದೆ. ಯಾರಿಗೂ ಜ್ವರವಿರಲಿಲ್ಲ.

ನೋರಾಳ ಬಗ್ಗೆ ಹೇಳಬೇಕು. ಅವಳು ಐರ್ಲೆಂಡ್ ಎಂಬ ದೇಶದವಳು, ಇಪ್ಪತ್ತೆರಡರ ಹುಡುಗಿ. ಹಿಂದಿನ ವರ್ಷ ನಮ್ಮೂರಿನ ಹೆಣ್ಣುಮಕ್ಕಳ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಬಂದಿದ್ದಳು. ಸಂಬಳವಿಲ್ಲ, ಊಟ, ಇರಲೊಂದು ಜಾಗ, ಅಷ್ಟರ ಮೇಲೆ ಎರಡು ವರ್ಷ. ಹೆಂಗಸರಿರುವ ಮನೆ ಬೇಕೆಂದು ಹೆಡ್‌ಮಾಸ್ತರರು ಕೇಳಿದಾಗ ಅವ್ವ, ಅಪ್ಪ ತೀರಿಕೊಂಡ ಮೇಲೆ ಖಾಲಿಯಿದ್ದ ನಮ್ಮ ಹಿಂದಿನ ಕೋಣೆಯನ್ನು ಸಾರಿಸಿ ಕೊಟ್ಟಳು. ಸಂಬಳವಿಲ್ಲದೆ ಯಾರಾದರೂ ಕಲಿಸುತ್ತಾರೆಯೇ ಎಂದು ಓಣಿಗೆ ದೊಡ್ಡ ಚಿಂತೆ.

"ಊರಾಗ ಏನೋ ಜಗಳಾ ಮಾಡ್ಕೊಂಡ ಬಂದಿರಬೇಕು ನೋಡ" ಎಂದಳು ಪಕ್ಕದ ಮನೆಯ ಗಂಗವ್ವ.

"ಮಾಡಿದ್ರೂ ಭಾಳ ಸಣ್ಣ ಜಗಳಾ ಮಾಡಿರ್ತಾಳ" ಎಂದಳು ಅವ್ವ. "ಆಕಿ ಮಾರಿ ನೋಡು. ದೊಡ್ಡ ಜಗಳದ ಮಾರೀನ ಅಲ್ಲ ಅದು."

ಬಂದ ಮೊದಲ ಮಳೆಗಾಲದಲ್ಲೇ ನೋರಾಳಿಗೆ ಟೈಫಾಯ್ಡ್ ಆಯಿತು. ದವಾಖಾನೆಯಲ್ಲಿ ಮಲಗಿದಳು, ಬ್ರೆಡ್ಡು ತಿಂದಳು, ಎದ್ದು ಬಂದಳು. ತಾಯಿಗೆ ತಿಳಿಸಿದ್ದು ಎದ್ದ ಮೇಲೆ. ಅಂದಿನಿಂದ ಮಗಳು "ಆರಾಮ ಇದ್ದೇನೆ" ಎಂದು ಬರೆದರೆ ಆ ತಾಯಿ ನಂಬುವುದನ್ನೇ ಬಿಟ್ಟಳಂತೆ. ಇತ್ತ ನೋರಾ ಜ್ವರದ ಜತೆಗೆ ತನ್ನ ದೇಶವನ್ನೂ ಅರ್ಧ ಕಳಚಿ ಬಂದವಳಂತೆ ನಮ್ಮವಳಾದಳು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಕಂಬಳಿ ಹಾಸಿ ಗಿರಿಜಾಳ ಪಕ್ಕ ಮಲಗುವಳು. ಬಿಸಿ ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಇನ್ನೊಂದು ಹಾಕಿರೆಂದು ಕೈ ಚಾಚುವಳು. ಸಂಜೆ ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುವಳು. ಕಂಡಿಕೆ ಎಂದರೆ ಲಾಳಿಯ ಹೊಟ್ಟೆಯಲ್ಲಿ ಕೂಡುವ ನೂಲಿನ ಸಣ್ಣ ಸುರುಳಿ. ಅವಳು ಸುತ್ತಿದ ಕಂಡಿಕೆ ಒಂದು ತುದಿಗೆ ಬದನೆಕಾಯಿಯಾಗಿ ಇನ್ನೊಂದು ತುದಿಗೆ ಮೆಣಸಿನಕಾಯಿಯಾಗಿರುತ್ತಿತ್ತು.

"ನಿಮ್ಮವ್ವ ನಿನಗ ಏನ್ ಕಲಿಸ್ಯಾಳ?" ಎಂದು ಅವ್ವ ದಿನಾ ಬೈಯುವಳು.

"ನಿಮ್ಮಂಗ ಬೈಯೋದು ಕಲಿಸಿಲ್ರಿ ಅವ್ವಾ" ಎಂದು ನೋರಾ ನಮ್ಮ ಓಣಿಯದೇ ರಾಗದಲ್ಲಿ ಉತ್ತರ ಕೊಡುವಳು. ಅವಳ ಕನ್ನಡದಲ್ಲಿ ಅರ್ಧಕ್ಕರ್ಧ ಅವ್ವನ ಬೈಗುಳವೇ ಇತ್ತು. ಶಾಲೆಯಲ್ಲಿ ಹುಡುಗಿಯರು ಗದ್ದಲ ಮಾಡಿದರೆ ಅದನ್ನೇ ತೆಗೆಯುತ್ತಿದ್ದಳಂತೆ. ಹುಡುಗಿಯರು ಖುಷಿಯಿಂದ ಇನ್ನಷ್ಟು ಗದ್ದಲ ಮಾಡುತ್ತಿದ್ದರಂತೆ.

ಗಿರಿಜಾ ಆಗ ಹತ್ತನೆಯ ಇಯತ್ತೆ. ನಾನು ಬಿಟ್ಟದ್ದನ್ನು ಅವಳು ಮುಗಿಸಬೇಕೆಂದು ನನ್ನ ಹಟ. ಉಳಿದೆಲ್ಲ ವಿಷಯದಲ್ಲಿ ಹುಷಾರು. ಇಂಗ್ಲಿಷ್ ಪೇಪರು ಕಂಡರೆ ಮಾತ್ರ ಅಂಗೈ ಬೆವತು ಅಕ್ಷರ ಅಳಿಸಿಹೋಗುತ್ತಿದ್ದವು. ನೋರಾ ಬಂದ ಮೇಲೆ ಬೆವರುವುದು ನಿಂತಿತ್ತು. ಶಾಲೆಯಲ್ಲಿ ಇಂಗ್ಲಿಷಿಗೆ ನೋರಾಳನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಗಿರಿಜಾ ನಪಾಸಾದರೆ ಮರುತಿಂಗಳೇ ಮದುವೆ ಎಂದು ನಮ್ಮ ಸೋದರಮಾವ ಆಗಲೇ ವರನನ್ನು ನೋಡಿಟ್ಟುಕೊಂಡು ಕಾಯುತ್ತಿದ್ದ. ಆದ್ದರಿಂದ ಮಾರ್ಚಿನ ಪರೀಕ್ಷೆಯ ತನಕ ನೋರಾ ನಮ್ಮಲ್ಲೇ ಇರಬೇಕಾಗಿತ್ತು. ಇಷ್ಟು ತಿಳಿದುಕೊಂಡರೆ ಸಾಕು.

ನವೆಂಬರಿನಲ್ಲಿ ಒಂದು ಸಂಜೆ ನೋರಾ ಬಂದು ಮಗ್ಗದ ಹತ್ತಿರ ನಿಂತಳು. "ಅಣ್ಣಾ, ನನ್ನ ಗೆಳತಿ ಬರ್ತಾಳ್ರಿ. ಶೀಲಾ ಅಂತ."

"ಶೀಲಾ? ನಮ್ಮ ಪೈಕಿ ಹೆಸರ ಐತಲ್ಲ!" ಎಂದು ಅವ್ವ ಒಳಗಿನಿಂದ ಕೂಗಿದಳು. "ಯಾವ ಊರಾಕಿ?"

"ನಮ್ಮೂರಾಕೀನ ಅವ್ವಾ. ನಮ್ಮ ಕಡೆನೂ ಈ ಹೆಸರ ಇರತೈತಿ" ಎಂದ ನೋರಾ, ನನ್ನ ಕಡೆ ತಿರುಗಿ ದನಿ ಇಳಿಸಿದಳು. "ಸುಮ್ಮ ಬರಾಕ ಹತ್ತಿಲ್ರಿ ಆಕಿ. ನನ್ನ ಅವ್ವ ಕಳಿಸ್ಯಾಳ. ನಾ ಖರೇನ ಆರಾಮ ಇದೀನೋ ಇಲ್ಲೋ ನೋಡಾಕ. ಆರಾಮ ಇಲ್ಲಂದ್ರ ಕೈ ಹಿಡದ ಕರ್ಕೊಂಡ ಬಾ ಅಂದಾಳ."

"ನೋಡ್ಲಿ ಬಿಡ್ರಿ ಟೀಚರ! ನಮ್ಮ ಮನಿ ಅಂದ್ರ ಏನಂತ ನಾ ತೋರಸ್ತೇನಿ" ಎಂದೆ.

ನನ್ನ ಹೆಂಡತಿ ಆಗ ಚೊಚ್ಚಲ ಹೆರಿಗೆಗೆ ಕೆರೂರಿನ ತವರಿಗೆ ಹೋಗಿದ್ದಳು. ಅವಳಿದ್ದಿದ್ದರೆ ನನಗೆ ಕಡಿವಾಣ ಬೀಳುತ್ತಿತ್ತು. ಇರಲಿಲ್ಲವಾಗಿ ನಾನು ಮೊದಲು ಹುನಗುಂದಕ್ಕೆ ಹೋಗಿ, ಅಲ್ಲಿಯ ಒಬ್ಬ ಟೇಲರನಿಂದ ಪ್ಯಾಂಟು ಹೊಲಿಸಿದೆ. ಆಮೇಲೆ ಎದುರುಮನೆಯಿಂದ ಕಬ್ಬಿಣದ ಮಂಚ ತಂದೆ. ಓಣಿಗೆಲ್ಲ ಅದೊಂದೇ ಕಬ್ಬಿಣದ ಮಂಚ. ಎದುರುಮನೆಯ ಯಜಮಾನರು ಕೊನೆಯ ಆರು ತಿಂಗಳು ಅದರ ಮೇಲೆಯೇ ಮಲಗಿ, ಅದರ ಮೇಲೆಯೇ ತೀರಿಕೊಂಡಿದ್ದರು. ಮಂಚ ಗಟ್ಟಿಯಿತ್ತು. ಅದನ್ನು ನಡುಮನೆಯಲ್ಲಿ ಹಾಕಿ ಬಿಳಿ ಚಾದರ ಹೊದಿಸಿದೆ. ಪಕ್ಕದಲ್ಲೊಂದು ಸ್ಟೂಲು, ಮೇಲೆ ನೀರಿನ ತಂಬಿಗೆ, ಗಾಜಿನ ಲೋಟ, ಮೂರು ಮೋಸಂಬಿ. ದೂರ ನಿಂತು ನೋಡಿದೆ. ಎಲ್ಲೋ ನೋಡಿದ ಹಾಗಿದೆಯಲ್ಲ ಎನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ.

ಹೆಡ್‌ಮಾಸ್ತರರನ್ನು ಕಂಡು ನೋರಾಳಿಗೆ ಒಂದು ವಾರ ರಜೆ ಕೊಡಿಸಿದೆ. ಗೆಳತಿ ಬಂದಾಗ ದುಡಿಯಲು ಕಳಿಸುವುದು ಮರ್ಯಾದೆಯಲ್ಲ. ಕೊನೆಗೆ ಅವ್ವನನ್ನು ಕೂಡಿಸಿಕೊಂಡು ಹೇಳಿದೆ: "ಅವ್ವಾ, ಒಂದ ವಾರ ನೀ ಒದರಬ್ಯಾಡ. ನೋರಾ ಟೀಚರಿಗೆ ಬೈಬ್ಯಾಡ. ರಾಟಿ ಮುಂದ ಕುಂದ್ರಸಬ್ಯಾಡ."

"ಮತ್ತ ಆಕಿ ಏನ್ ಮಾಡಬೇಕು?"

"ಮಂಚದ ಮ್ಯಾಲೆ ಸುಮ್ಮ ಕುಂದ್ರಬೇಕು."

"ಯಾಕ, ಆಕಿಗೇನ ಆಗೇತಿ?" ಎಂದಳು ಅವ್ವ. ಮರ್ಯಾದೆ ಎಂದರೇನೆಂದು ಎಲ್ಲರಿಗೂ ತಿಳಿಸಿ ಹೇಳುವಷ್ಟು ವೇಳೆ ನನಗೆ ಇರಲಿಲ್ಲ.

ಶನಿವಾರ ಬಾಗಲಕೋಟೆ ಸ್ಟೇಷನ್ನಿಗೆ ಹೋಗಿ ಶೀಲಾಳನ್ನು ಇಳಿಸಿಕೊಂಡೆ. ಎತ್ತರದ ಹೆಣ್ಣುಮಗಳು, ಕೆಂಪು ಕೂದಲು, ಬೆನ್ನಿಗೆ ಗೋಣಿಚೀಲದಷ್ಟು ದೊಡ್ಡ ಚೀಲ. ಕೊಡಿರೆಂದರೂ ಕೊಡಲಿಲ್ಲ. ಸ್ಟೇಷನ್ನಿನ ಹೊರಗೆ ಒಂದು ಬೇಕರಿ ಕಂಡಿತು. ಇವರ ದೇಶದಲ್ಲಿ ಮೂರು ಹೊತ್ತೂ ಬ್ರೆಡ್ಡೇ ಎಂದು ನೋರಾ ಹೇಳಿದ್ದು ನೆನಪಾಯಿತು. ನಾಲ್ಕು ಪುಡಾ ಕಟ್ಟಿಸಿದೆ. ಅವಳ ಕೈಯಲ್ಲಿ ಹೊರಿಸುವುದು ಸರಿಯಲ್ಲವೆಂದು ಎರಡೂ ಕಂಕುಳಲ್ಲಿ ಎರಡೆರಡು ಹಿಡಿದೆ.

ಬಸ್ಸು ಹುನಗುಂದದಲ್ಲಿ ಚಹಾಕ್ಕೆ ನಿಂತಾಗ ಕಂಡಕ್ಟರ್ ನನ್ನ ಕಂಕುಳನ್ನೇ ನೋಡುತ್ತಿದ್ದ.

"ಯಾರಿಗ್ರಿ ಆರಾಮಿಲ್ಲ?"

"ಯಾರಿಗೂ ಇಲ್ರಿ."

"ನಾಲ್ಕ ಪುಡಾ ಅಂದ್ರ ಸಣ್ಣ ಜ್ವರ ಅಲ್ಲ ಬಿಡ್ರಿ ಅದು" ಎಂದು ಅವನು ಹಣೆ ಮುಟ್ಟಿ ದೇವರಿಗೆ ಕೈ ಮುಗಿದ. ಶೀಲಾಳನ್ನು ತೋರಿಸಿ, "ಈಕಿ ಡಾಕ್ಟರೇನ್ರಿ?" ಎಂದ. ನಾನು ಪುಡಾ ಸರಿಪಡಿಸಿಕೊಂಡು ಸೀಟಿಗೆ ಹೋಗಿ ಕೂತೆ. ಅವನು ಡ್ರೈವರನ ಕಿವಿಯಲ್ಲಿ ಏನೋ ಹೇಳಿದ. ಬಸ್ಸು ಅಲ್ಲಿಂದ ಇಳಕಲ್ಲಿಗೆ ಎಂದೂ ಓಡದಷ್ಟು ಜೋರಾಗಿ ಓಡಿತು.

ನಮ್ಮ ಓಣಿಯಲ್ಲಿ ನಾನು ನಡೆದುಕೊಂಡು ಬಂದ ರೀತಿಯನ್ನು ನೆನೆಸಿಕೊಂಡರೆ ಈಗ ನನಗೇ ಕೈಯಲ್ಲಿ ಕೆಲಸ ನಿಲ್ಲುತ್ತದೆ. ಹೊಸ ಪ್ಯಾಂಟು, ಎರಡು ಕಂಕುಳಲ್ಲಿ ಬ್ರೆಡ್ಡು, ಹಿಂದೆ ಕೆಂಪು ಕೂದಲಿನ ಹೆಂಗಸು. ಮಗ್ಗಗಳ ಸಪ್ಪಳ ಒಂದೊಂದಾಗಿ ನಿಲ್ಲುತ್ತ ಬಂತು. ಎಲ್ಲರೂ ನನ್ನ ಅತಿಥಿಯನ್ನು ನೋಡುತ್ತಿದ್ದಾರೆಂದು ನಾನು ಎದೆ ಸೆಟೆಸಿದೆ.

ಕಾಲು ತೊಳೆದುಕೊಳ್ಳುವಷ್ಟರಲ್ಲಿ ಗಂಗವ್ವ ಒಳಗೆ ಬಂದಳು. ನಡುಮನೆಯಲ್ಲಿ ಬಿಳಿ ಚಾದರದ ಮೇಲೆ ನೋರಾ ನಾನು ಹೇಳಿದ್ದಂತೆ ಸುಮ್ಮನೆ ಕೂತಿದ್ದಳು. ಗಂಗವ್ವ ಸೀದಾ ಹೋಗಿ ಅವಳ ಹಣೆ ಮುಟ್ಟಿದಳು.

"ಮೈ ತಣ್ಣಗ ಐತಿ. ಒಳಜ್ವರ ಇದು. ಒಳಜ್ವರಾನ ಕೆಟ್ಟ."

"ನನಗೇನೂ ಆಗಿಲ್ರಿ ಗಂಗವ್ವಾ!"

"ನಮ್ಮ ಮಾವನೂ ಹಿಂಗ ಅಂತಿದ್ದ ಯವ್ವಾ" ಎಂದು ಗಂಗವ್ವ ಕಣ್ಣೊರೆಸಿಕೊಂಡಳು. ಮನೆಗೆ ಹೋಗಿ ಉಪ್ಪು, ಮೆಣಸಿನಕಾಯಿ ತಂದು ದೃಷ್ಟಿ ತೆಗೆದಳು. ಶೀಲಾ ಬಾಗಿಲಿಗೆ ಒರಗಿ ಇದನ್ನೆಲ್ಲ ನೋಡುತ್ತ ನಿಂತಿದ್ದಳು.

ಭಾನುವಾರ ಓಣಿಯೇ ಬಂತು. ನಿಂಬೆಹಣ್ಣು ತಂದವರು, ವಿಭೂತಿ ತಂದವರು, ಬರಿಗೈಯಲ್ಲಿ ಬಂದು ನಿಟ್ಟುಸಿರು ಬಿಟ್ಟವರು. ಎದುರುಮನೆಯವರು ಬಂದು ತಮ್ಮ ಮಂಚವನ್ನು ನೋಡಿ ಅತ್ತರು. ನೋರಾ ಒಬ್ಬೊಬ್ಬರಿಗೂ "ಆರಾಮ ಇದೀನ್ರಿ" ಎಂದಳು. ನಮ್ಮ ಕಡೆ ಹಾಸಿಗೆ ಹಿಡಿದವರೆಲ್ಲ ಹೇಳುವ ಮಾತೇ ಅದು, ಹೀಗಾಗಿ ಅವರ ಅನುಮಾನ ಗಟ್ಟಿಯಾಯಿತು. ಅವ್ವನಾದರೋ ನನ್ನ ಅಪ್ಪಣೆಯಂತೆ ಪಿಸುದನಿಯಲ್ಲಿ, "ಏಳಬ್ಯಾಡ ತಾಯಿ, ಕುಂದ್ರು, ನಾನ ತರ್ತೇನಿ" ಎಂದು ಓಡಾಡಿದಳು. ಸೋಮವಾರ ಶಾಲೆಯ ಗಂಟೆಯಾಯಿತು. ನೋರಾ ಹೋಗಲಿಲ್ಲ. ಶೀಲಾ ಗೋಡೆಯ ಗಡಿಯಾರ ನೋಡಿದಳು, ನೋರಾಳನ್ನು ನೋಡಿದಳು, ತಟ್ಟೆಯಲ್ಲಿದ್ದ ಬ್ರೆಡ್ಡು ನೋಡಿದಳು.

ಮಧ್ಯಾಹ್ನ ನಾನು ಮಗ್ಗದಲ್ಲಿದ್ದೆ. ಊಟಕ್ಕೆಂದು ಶಾಲೆಯಿಂದ ಬಂದಿದ್ದ ಗಿರಿಜಾ ಓಡಿಬಂದು ಕುಣಿಯ ಅಂಚಿಗೆ ಕುಸಿದು ಕೂತಳು.

"ಅಣ್ಣಾ, ಶೀಲಾ ಅಕ್ಕೋರು ಟೀಚರನ್ನ ಕರ್ಕೊಂಡ ಹೊಂಟಾರ."

"ಎಲ್ಲಿಗೆ? ಬದಾಮಿಗೇನ?"

"ಅವರೂರಿಗೆ! ನಾ ಬಾಗಲಾ ಹಿಂದ ನಿಂತ ಕೇಳೇನಿ. 'ನೀ ಮತ್ತ ಮುಚ್ಚಿಡಾಕ ಹತ್ತೀದಿ. ನಿನ್ನ ಮುಂದ ಯಾರೂ ದನಿ ಎತ್ತಿ ಮಾತಾಡವಲ್ಲರು, ಕೆಲಸಾ ಮಾಡಸವಲ್ಲರು, ಮಂದಿ ಬಂದ ಅಳಾಕ ಹತ್ಯಾರ. ನಾ ಕುರುಡಿ ಅಲ್ಲ' ಅಂದ್ರು. ಟೀಚರ್ ಎಷ್ಟ ಹೇಳಿದ್ರೂ ನಂಬವಲ್ಲರು. ನೀ ಬರದಿದ್ರ ನಿಮ್ಮವ್ವನ ಕಡಿಂದ, ನಿನ್ನ ಇಲ್ಲಿಗೆ ಕಳಿಸಿದ ಸಂಸ್ಥಾದವರಿಗೆ ಹೇಳಿಸಿ ಹೊಳ್ಳಿ ಕರಸ್ತೀನಿ ಅಂದ್ರು." ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. ಬೆವತಿದ್ದವು.

ಆಗ ನನಗೆ ಹೊಳೆಯಿತು, ಆ ಮಂಚ, ಆ ಸ್ಟೂಲು, ಆ ಮೋಸಂಬಿಗಳನ್ನು ಎಲ್ಲಿ ನೋಡಿದ್ದೆನೆಂದು. ದವಾಖಾನೆಯಲ್ಲಿ.

ಈಗ ನಾನು ಇಂಗ್ಲಿಷ್ ಮಾತನಾಡುತ್ತೇನೆ. ಪ್ಯಾಂಟು ಏರಿಸಿಕೊಂಡು ನಡುಮನೆಗೆ ಹೋಗಿ ಶೀಲಾಳ ಮುಂದೆ ನಿಂತು, ಏಳನೆಯ ಇಯತ್ತೆಯ ತನಕ ಕಲಿತದ್ದನ್ನೆಲ್ಲ ಒಟ್ಟುಮಾಡಿದೆ. "ನೋರಾ ಗುಡ್. ನೋರಾ ನೋ ಸಿಕ್. ಬ್ರೆಡ್ ಸಿಕ್." ಶೀಲಾ ಹುಬ್ಬೇರಿಸಿದಳು. ಮಂಚ ತೋರಿಸಿ ಅದೂ ನಮ್ಮದಲ್ಲ, ಎದುರುಮನೆಯದು ಎಂದು ತಿಳಿಸಹೋದೆ. "ದಿಸ್ ಕಾಟ್, ಡೆಡ್ ಮ್ಯಾನ್ ಕಾಟ್. ಸಿಕ್ಸ್ ಮಂತ್. ದೆನ್ ಡೆಡ್."

ಶೀಲಾ ಎದ್ದು ನೋರಾಳ ಬಟ್ಟೆಗಳನ್ನು ಚೀಲಕ್ಕೆ ತುಂಬಲು ಸುರುಮಾಡಿದಳು. ನೋರಾ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು, ಅದೂ ಜ್ವರದವರು ಹಿಡಿದುಕೊಳ್ಳುವಂತೆಯೇ ಕಂಡಿತು.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಗಿರಿಜಾ ಅವ್ವನಿಗೆ ಎಲ್ಲ ಹೇಳಿದ್ದಳು. ಮೂರು ದಿನ ಬಾಯಿ ಕಟ್ಟಿಕೊಂಡಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತಳು.

"ಏ ನೋರಾ! ಏಳ ಮ್ಯಾಲೆ! ಮೂರ ದಿನಾ ಆತು, ಒಂದ ಕಂಡಿಕಿ ಸುತ್ತಿಲ್ಲ. ದೊಡ್ಡ ಸಾಹುಕಾರ್ತಿ ಆಗೀಯೇನ? ಮಗ್ಗ ಏನ ನಿಮ್ಮ ಶೀಲಾ ಬಂದಾಳಂತ ನೂಲ ಬಿಟ್ಟ ಗಾಳಿ ನೇಯತೈತೇನ?"

ನೋರಾ ತಲೆ ಎತ್ತಿದಳು. ಮುಖಕ್ಕೆ ಬಣ್ಣ ಬಂತು. "ಅಯ್ಯ, ಕುಂದ್ರು ಅಂದಾವ್ರು ನೀವ ಅಲ್ಲೇನ್ರಿ?"

"ನಾ ಅಂದಿಲ್ಲ! ಇಂವಾ ಅಂದಾನ, ಈ ಪ್ಯಾಂಟಿನ ಸಾಹೇಬ! ಹೆಣದ ಮಂಚ ತಂದ ನಡುಮನ್ಯಾಗ ಹಾಕ್ಯಾನ. ಬ್ರೆಡ್ ತಂದ ಓಣಿಗೆಲ್ಲ ತೋರಿಸ್ಯಾನ. ಇಂವಗ ಬುದ್ಧಿ ಇಲ್ಲ ಸರಿ, ಸಾಲಿ ಕಲಿಸಾಕಿ ನಿನಗಾದ್ರೂ ಬ್ಯಾಡಾ?"

"ನಿಮ್ಮ ಮಗಾ ನಿಮ್ಮಂಗ ಹಟಮಾರಿ, ನಾ ಏನ್ ಮಾಡ್ಲಿ?"

"ಎದುರ ಮಾತಾಡ್ತಿ? ನಡಿ, ರಾಟಿ ಮುಂದ ಕುಂದ್ರ ನಡಿ!"

"ಹೊಂಟೇನಿ, ಒದರಬ್ಯಾಡ್ರಿ! ಓಣಿ ಮಂದಿ ಬರ್ತಾರ!"

"ಬರ್ಲಿ! ಬಂದವರಿಗೂ ಒಂದೊಂದ ಕೆಲಸಾ ಹಚ್ತೀನಿ!"

ಇಷ್ಟು ಹೊತ್ತಿಗೆ ನೋರಾ ನಗುತ್ತ, ಕೂಗುತ್ತ, ಮಂಚದಿಂದ ಹಾರಿ ರಾಟಿಯ ಮುಂದೆ ಕೂತಾಗಿತ್ತು. ಶೀಲಾ ಕೈಯಲ್ಲಿ ಅರ್ಧ ಮಡಚಿದ ಲಂಗ ಹಿಡಿದು ಹಾಗೇ ನಿಂತಿದ್ದಳು. ಇಂಗ್ಲಿಷಿನಲ್ಲಿ ಏನೋ ಕೇಳಿದಳು. ನೋರಾ ಒಂದೇ ಮಾತಿನಲ್ಲಿ ಉತ್ತರ ಕೊಟ್ಟಳು. ಗಿರಿಜಾ ನನ್ನ ಕಿವಿಯಲ್ಲಿ ಹೇಳಿದಳು: "'ನಿನಗ ಯಾವಾಗಲೂ ಹಿಂಗ ಮಾತಾಡ್ತಾರೇನ?' ಅಂದ್ರು. 'ದಿನಾ' ಅಂದ್ರು ಟೀಚರ್."

ನೋರಾ ರಾಟಿ ತಿರುಗಿಸಿದಳು, ನೂಲು ಹರಿಯಿತು. "ಹರಿದ್ಯಾ? ಹರದ ಬಿಟ್ಟಿ! ಎರಡ ವರ್ಷ ಆತ ಕಲಿಸಾಕ ಹತ್ತಿ!" ಎಂದು ಅವ್ವ ಮತ್ತೆ ಸುರುಮಾಡಿದಳು. ಆಮೇಲೆ ಶೀಲಾಳ ಕಡೆ ತಿರುಗಿ, ಅವಳ ಕೈಯಿಂದ ಲಂಗ ಕಿತ್ತು ಮಂಚದ ಮೇಲೆ ಒಗೆದು, ರಟ್ಟೆ ಹಿಡಿದು ನೋರಾಳ ಪಕ್ಕದಲ್ಲಿ ಕೂಡಿಸಿದಳು. "ನೀನೂ ಕುಂದ್ರು. ಇಷ್ಟ ಉದ್ದ ಬೆಳದೀದಿ, ಲಡಿ ಹಿಡಿಯಾಕಾದ್ರೂ ಬರತೈತಿಲ್ಲ?" ನೂಲಿನ ಲಡಿಯನ್ನು ಅವಳ ಎರಡು ಕೈಗಳಿಗೆ ತೊಡಿಸಿದಳು. ಶೀಲಾ ಕೈ ಚಾಚಿಕೊಂಡು ಕೂತಳು. ಸ್ವಲ್ಪ ಹೊತ್ತು ನೋರಾಳ ಮುಖವನ್ನೇ ನೋಡಿದಳು. ಮೊದಲು ಅವಳ ಭುಜಗಳು ನಕ್ಕವು, ಆಮೇಲೆ ಅವಳು.

ಆ ರಾತ್ರಿ ಮಂಚ ಎದುರುಮನೆಗೆ ಹೋಯಿತು. ಇಬ್ಬರೂ ಗೆಳತಿಯರು ಗಿರಿಜಾಳ ಜತೆ ಮಾಳಿಗೆಯ ಮೇಲೆ ಮಲಗಿದರು. ಬ್ರೆಡ್ಡನ್ನು ಗಂಗವ್ವನ ಎಮ್ಮೆ ತಿಂದಿತು. ಆ ಎಮ್ಮೆಗೇನಾಗಿದೆ ಎಂದು ಕೇಳಲು ಮರುದಿನ ಇಬ್ಬರು ಬಂದಿದ್ದರು.

ಶೀಲಾಳಿಗೆ ಅನುಮಾನ ಪೂರ್ತಿ ಹೋದದ್ದು ಬದಾಮಿಯಲ್ಲಿ. ಗುಡ್ಡದ ಮೆಟ್ಟಿಲುಗಳನ್ನು ನೋರಾ, ಗಿರಿಜಾ ಓಡುತ್ತ ಹತ್ತಿದರು. ಶೀಲಾ ನಡುವೆ ಎರಡು ಸಲ ಕೂತಳು. ಹಳೆಯ ಧೋತರ ಉಟ್ಟಿದ್ದ ನಾನು ಅವಳ ಹಿಂದೆ ನಿಧಾನವಾಗಿ ಬಂದೆ. ಮಂಗವೊಂದು ಅವಳ ಕೈಯ ಬಾಳೆಹಣ್ಣು ಕಿತ್ತುಕೊಂಡಿತು. ನೋರಾ ಮೇಲಿನಿಂದ ಆ ಮಂಗಕ್ಕೆ ನಮ್ಮ ಅವ್ವನ ಒಂದು ಬೈಗುಳ ಬೈದಳು. ಸುತ್ತಲಿದ್ದ ಜನ ತಿರುಗಿ ನೋಡಿದರು, ಮಂಗವೂ ನೋಡಿತು. ಅಲ್ಲಿಂದ ಚೊಳಚಗುಡ್ಡಕ್ಕೆ ಬಂದು ಬನಶಂಕರಿ ಗುಡಿಯ ಎದುರು ಹೊಂಡದ ದಂಡೆಯಲ್ಲಿ ಕೂತೆವು. ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಗಡಿಗೆಯಲ್ಲಿ ಕೆನೆಮೊಸರು ಹೊತ್ತು ಮಾರುವ ಮುದುಕಿ ನಮ್ಮ ಮುಂದೆ ಬುಟ್ಟಿ ಇಳಿಸಿದಳು. ನೋರಾ ನಾಲ್ಕು ರೊಟ್ಟಿ ತಿಂದಳು. ಶೀಲಾ ಅವಳು ತಿನ್ನುವುದನ್ನು ನೋಡುತ್ತ ಎರಡು ತಿಂದು, ಚಟ್ನಿಗೆ ಅತ್ತು, ಮೂರನೆಯದಕ್ಕೆ ಕೈ ಚಾಚಿದಳು.

"ಈಕಿಗೆ ಹಸಿವೀನೂ ಜಾಸ್ತಿ, ಅಳೋದೂ ಜಾಸ್ತಿ" ಎಂದಳು ಮುದುಕಿ.

ಹೊರಡುವ ದಿನ ಶೀಲಾ ಒಬ್ಬಳೇ ಚೀಲ ಏರಿಸಿಕೊಂಡು ಬಾಗಿಲಲ್ಲಿ ನಿಂತಳು. ಅವ್ವ ಕುಂಕುಮ ಹಚ್ಚಿ, ಕುಪ್ಪಸದ ಖಣ ಕೊಟ್ಟು, ಮೆಲ್ಲಗೆ, "ಹೋಗಿ ಬಾ ತಾಯಿ" ಎಂದಳು. ಶೀಲಾಳ ಮುಖ ಸಣ್ಣದಾಯಿತು. ನೋರಾಳ ಕಿವಿಯಲ್ಲಿ ಏನೋ ಅಂದಳು.

"ಏನಂತ?" ಎಂದಳು ಅವ್ವ.

"ತನಗೂ ಬೈರಿ ಅಂತಾಳ" ಎಂದಳು ನೋರಾ. "ಸುಮ್ಮ ಕಳಿಸಿದ್ರ ತಾ ಬರೀ ಬೀಗತಿಯಾಗಿ ಹೋದಂಗ ಆಗತೈತಂತ."

ಅವ್ವ ಸ್ವಲ್ಪ ಯೋಚಿಸಿದಳು. ಬೈಯಬೇಕೆಂದು ಕೂತರೆ ಅವಳಿಗೂ ಕಷ್ಟವೇ. ಆಮೇಲೆ ಸೊಂಟಕ್ಕೆ ಕೈ ಕೊಟ್ಟು ಓಣಿಯ ತುದಿಗೆ ಕೇಳುವಂತೆ ಎತ್ತಿದಳು: "ಇನ್ನ ನಾಲ್ಕ ದಿನಾ ಇದ್ದಿದ್ರ ನಿಂದೇನ ಗಂಟ ಹೋಗತಿತ್ತ? ಲಡಿ ಹಿಡಿಯೋದ ಈಗಿನ್ನ ಕಲಿತಿದ್ದಿ, ಅಷ್ಟರಾಗ ಹೊಂಟ್ಯಾ? ಹಾದ್ಯಾಗ ಉಪಾಸ ಬಿದ್ದೀಯಂದ್ರ ನೋಡ ಮತ್ತ! ನಿಮ್ಮವ್ವಗ ಹೇಳು, ಮಗಳ ಆರಾಮ ಅದಾಳ, ಆದ್ರ ಕೆಲಸಗಳ್ಳಿ ಅಂತ ಹೇಳು!"

ಶೀಲಾ ಒಂದಕ್ಷರವೂ ತಿಳಿಯದೆ ಎಲ್ಲಕ್ಕೂ ತಲೆಯಾಡಿಸುತ್ತ ಹೋದಳು.

ಗಿರಿಜಾ ಮಾರ್ಚಿನಲ್ಲಿ ಪರೀಕ್ಷೆಗೆ ಕೂತಳು. ಫಲಿತಾಂಶದ ದಿನ ನೋರಾ ನಮ್ಮಲ್ಲೇ ಇದ್ದಳು. ಇಬ್ಬರೂ ಶಾಲೆಯ ಬೋರ್ಡಿನ ಮುಂದಿನಿಂದ ಕೂಗುತ್ತ ಓಡಿಬಂದದ್ದು ಮಗ್ಗದ ಸಪ್ಪಳದಲ್ಲೂ ಕೇಳಿಸಿತು. ಸೋದರಮಾವ ವರನನ್ನು ಬೇರೆ ಕಡೆ ದಾಟಿಸಿದ. ಜೂನಿನಲ್ಲಿ ನೋರಾ ತನ್ನ ದೇಶಕ್ಕೆ ಹೋದಳು. ಅವ್ವ ಆ ದಿನ ಬೈಯಲೂ ಇಲ್ಲ, ಮೆಲ್ಲಗೆ ಮಾತನಾಡಲೂ ಇಲ್ಲ. ಒಳಗೆ ರೊಟ್ಟಿ ಬಡಿಯುತ್ತಿದ್ದಳು.

ಈಗ ನನಗೆ ಮೂರು ಮಗ್ಗ. ಒಬ್ಬ ಹೆಂಡತಿ. ಒಬ್ಬ ಮಗ, ಒಬ್ಬ ಮಗಳು. ಇಬ್ಬರೂ ಶಾಲೆಗೆ ಹೋಗುತ್ತಾರೆ. ತಾಯಿ ಇದ್ದಾಳೆ. ತಂಗಿ ಒಬ್ಬಳು, ಹುನಗುಂದದಲ್ಲಿ ಇಂಗ್ಲಿಷ್ ಕಲಿಸುತ್ತಾಳೆ.